ತಾಯಿಯ ಮಾತು, ಯಂತ್ರದ ಚಿತ್ರ

ತಳೇಗಾಂವ ದಾಭಾಡೆ ಪುಣೆ ಜಿಲ್ಲೆಯ ಹಳೇ ಊರು. ಮರಾಠಾ ಸೇನಾಪತಿಗಳಾಗಿದ್ದ ದಾಭಾಡೆ ಮನೆತನದ ಹೆಸರು ಅದಕ್ಕೆ ಅಂಟಿಕೊಂಡಿದೆ. ಆ ಊರಿನ ಮಗ್ಗುಲಲ್ಲಿ ಹೋಗುವ ಹಳೇ ಮುಂಬೈ–ಪುಣೆ ಹೆದ್ದಾರಿಯೇ ಮುಂದೆ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಬೆಂಗಳೂರಿಗೆ ಬರುತ್ತದೆ. ವಿಜಯಪುರ, ಕಲಬುರಗಿ ಕಡೆಯ ನಮ್ಮ ಜನ ಕಟ್ಟಡ ಕೆಲಸಕ್ಕೆ ಅಂತ ಪುಣೆ ಸುತ್ತಮುತ್ತ ಹೋಗಿ ನೆಲೆಸೋದು ಇವತ್ತಿನ ಮಾತಲ್ಲ. ಮನೆಯಲ್ಲಿ ಕನ್ನಡ, ಇಲ್ಲವೇ ದಖನಿ ಉರ್ದು. ಆಸ್ಪತ್ರೆಯಲ್ಲಿ ಮರಾಠಿ. ಮಗು ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟಾಯ್ತು ಅಂದರೆ ಅಲ್ಲಿ ಏಳುವ ಮೊದಲ ಪ್ರಶ್ನೆ: ಸಿ.ಟಿ. ಸ್ಕ್ಯಾನ್ ಮಾಡಬೇಕಾ, ಬೇಡವಾ? ಈ ಪ್ರಶ್ನೆಗೆ ಉದ್ದದ ಚರಿತ್ರೆ ಇದೆ. ಅದರಲ್ಲಿ ತಾಯಂದಿರ ಮಾತಿಗೆ ದೊಡ್ಡ ಜಾಗವಿದೆ.

ಜರ್ಮನಿಯ ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರ ನವೆಂಬರ್ 8ರಂದು. ಅದರ ಅಪಾಯ ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ. ಎಡಿಸನ್ ಬಳಿ ಎಕ್ಸ್‌ರೇ ಕೆಲಸ ಮಾಡುತ್ತಿದ್ದ ಕ್ಲಾರೆನ್ಸ್ ಡ್ಯಾಲಿ ಕೈಗಳನ್ನು ಕಳೆದುಕೊಂಡು 1904ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ಆದರೂ ಅಮೆರಿಕ, ಯುರೋಪಿನ ಚಪ್ಪಲಿ ಅಂಗಡಿಗಳಲ್ಲಿ ಬೂಟು ಸರಿಹೊಂದುತ್ತಾ ಅಂತ ನೋಡಲು ಮಕ್ಕಳ ಕಾಲನ್ನು ಎಕ್ಸ್‌ರೇ ಯಂತ್ರದೊಳಗೆ ಇಡಿಸುವ ಪದ್ಧತಿ ದಶಕಗಳ ಕಾಲ ನಡೆಯಿತು. ಸುಟ್ಟರೆ ತಾನೇ ಅಪಾಯ, ಸ್ವಲ್ಪ ಬಿದ್ದರೆ ಏನಾಗುತ್ತೆ ಅನ್ನೋದು ಆಗಿನ ತಿಳುವಳಿಕೆ.

ಆ ತಿಳುವಳಿಕೆಯನ್ನು ಅಲ್ಲಾಡಿಸಿದವರು ಇಂಗ್ಲೆಂಡಿನ ವೈದ್ಯೆ ಆಲಿಸ್ ಸ್ಟುವರ್ಟ್. ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಯಾಕೆ ಹೆಚ್ಚುತ್ತಿದೆ ಅಂತ ತಿಳಿಯಲು ಅವರು ಹಿಡಿದ ದಾರಿ ಬಹಳ ಸರಳ: ತಾಯಂದಿರನ್ನೇ ಕೇಳೋದು. ಹತ್ತು ವರ್ಷದೊಳಗೆ ಕ್ಯಾನ್ಸರ್‌ನಿಂದ ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೂ, ಆರೋಗ್ಯವಾಗಿದ್ದ ಮಕ್ಕಳ ತಾಯಂದಿರಿಗೂ ಒಂದೇ ಪ್ರಶ್ನೆಪಟ್ಟಿ. ಬಸುರಿಯಾಗಿದ್ದಾಗ ಹೊಟ್ಟೆಯ ಎಕ್ಸ್‌ರೇ ತೆಗೆಸಿಕೊಂಡಿದ್ದೆ ಅಂದವರು ಮೊದಲ ಗುಂಪಿನಲ್ಲಿ ಸುಮಾರು ಎರಡು ಪಟ್ಟು ಸಿಕ್ಕರು. ಇದು 1956ರಲ್ಲಿ ಚಿಕ್ಕದಾಗಿ, 1958ರಲ್ಲಿ ವಿವರವಾಗಿ ಪ್ರಕಟವಾಯಿತು. ಅನೇಕ ತಜ್ಞರು ಒಪ್ಪಲಿಲ್ಲ. ಮಗುವನ್ನು ಕಳೆದುಕೊಂಡ ತಾಯಿಯ ನೆನಪನ್ನು ನಂಬೋದು ಹೇಗೆ ಅಂದರು. 1962ರಲ್ಲಿ ಅಮೆರಿಕದ ಬ್ರಯಾನ್ ಮ್ಯಾಕ್‌ಮಹೊನ್ 7 ಲಕ್ಷಕ್ಕೂ ಹೆಚ್ಚು ಮಕ್ಕಳ ವಿಚಾರದಲ್ಲಿ, ಯಾರ ನೆನಪನ್ನೂ ಕೇಳದೆ ಆಸ್ಪತ್ರೆಯ ದಾಖಲೆಗಳನ್ನೇ ನೋಡಿದರು. ಏರಿಕೆ ಸ್ಟುವರ್ಟ್ ಹೇಳಿದ್ದಕ್ಕಿಂತ ಕಡಿಮೆ ಇತ್ತು, ಆದರೆ ಇತ್ತು. ತಾಯಂದಿರು ಹೇಳಿದ್ದು ನಿಜವಾಗಿತ್ತು.

1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರ ರೋಗಿಯೊಬ್ಬರ ಮೆದುಳಿನ ಚಿತ್ರ ತೆಗೆಯಿತು. ತಲೆಬುರುಡೆ ತೆರೆಯದೆ ಒಳಗಿನ ರಕ್ತಸ್ರಾವ ಕಾಣುವಂತಾದದ್ದು ಸಣ್ಣ ಉಪಕಾರವಲ್ಲ. ಎಷ್ಟೋ ಮಕ್ಕಳ ಜೀವ ಇದರಿಂದ ಉಳಿದಿದೆ. ಆದರೆ ಸಾಮಾನ್ಯ ಎಕ್ಸ್‌ರೇಗಿಂತ ಸಿ.ಟಿ.ಯಲ್ಲಿ ಬೀಳುವ ವಿಕಿರಣ ಎಷ್ಟೋ ಪಟ್ಟು ಹೆಚ್ಚು. ಬೆಳೆಯುವ ದೇಹದ ಜೀವಕೋಶಗಳಿಗೆ ಅದರ ಪೆಟ್ಟು ಜಾಸ್ತಿ. ಆ ಪೆಟ್ಟು ಕ್ಯಾನ್ಸರ್ ಆಗಿ ತಲೆಯೆತ್ತಲು ಮಗುವಿನ ಮುಂದೆ ಇಡೀ ಆಯುಷ್ಯ ಇದೆ. ಇಷ್ಟಾದರೂ ದೊಡ್ಡವರಿಗೆ ಇಡುವ ಅಳತೆಯಲ್ಲೇ ಮಕ್ಕಳಿಗೂ ಯಂತ್ರ ನಡೆಸುವ ರೂಢಿ ಇತ್ತು. 2001ರಲ್ಲಿ ಡೇವಿಡ್ ಬ್ರೆನರ್ ಮತ್ತು ಸಂಗಡಿಗರ ಲೇಖನ ಈ ಬಗ್ಗೆ ಎಚ್ಚರಿಸಿತು. 2008ರಲ್ಲಿ ಅಮೆರಿಕದಲ್ಲಿ ‘ಇಮೇಜ್ ಜೆಂಟ್ಲಿ’ ಅಭಿಯಾನ ಶುರುವಾಯಿತು. ಮಗುವಿನ ಗಾತ್ರಕ್ಕೆ ತಕ್ಕಷ್ಟೇ ವಿಕಿರಣ, ಬೇಕಾದ ಭಾಗಕ್ಕೆ ಮಾತ್ರ ಸ್ಕ್ಯಾನ್ ಅನ್ನೋದು ಅದರ ಸಾರ. 2012ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ಹತ್ತು ವರ್ಷದೊಳಗಿನ ಮಕ್ಕಳ 10,000 ತಲೆಯ ಸ್ಕ್ಯಾನಿಗೆ, ಮುಂದಿನ ಹತ್ತು ವರ್ಷದಲ್ಲಿ, ಒಂದು ಹೆಚ್ಚುವರಿ ರಕ್ತದ ಕ್ಯಾನ್ಸರ್ ಮತ್ತು ಒಂದು ಹೆಚ್ಚುವರಿ ಮೆದುಳಿನ ಗಡ್ಡೆ ಅಂತ ಅಂದಾಜು ಮಾಡಿತು. ಒಂದು ಮಗುವಿನ ಲೆಕ್ಕಕ್ಕೆ ಇದು ಬಹಳ ಸಣ್ಣ ಅಪಾಯ. ಸ್ಕ್ಯಾನ್ ನಿಜಕ್ಕೂ ಬೇಕಾದಾಗ ಈ ಲೆಕ್ಕ ಹಿಡಿದು ಬೇಡ ಅನ್ನಬಾರದು. ಬೇಡದ ಸ್ಕ್ಯಾನ್ ಲಕ್ಷಗಟ್ಟಲೆ ಆದಾಗ ಮಾತ್ರ ಅದು ದೊಡ್ಡದಾಗುತ್ತದೆ.

ಹಾಗಾದರೆ ಯಾವುದು ಬೇಕಾದದ್ದು? 2009ರಲ್ಲಿ ಅಮೆರಿಕದ ಮಕ್ಕಳ ತುರ್ತು ಚಿಕಿತ್ಸಾ ಜಾಲವೊಂದು ತಲೆಗೆ ಪೆಟ್ಟಾಗಿ ಬಂದ 42,412 ಮಕ್ಕಳ ಅಧ್ಯಯನ ಪ್ರಕಟಿಸಿತು. ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ಎಚ್ಚರವಿದ್ದ ಮಕ್ಕಳು ಇವರು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳಿಗೆ ಸಿ.ಟಿ. ಆಗಿತ್ತು, ಮೆದುಳಿಗೆ ಗಂಭೀರ ಪೆಟ್ಟಾಗಿದ್ದು 376 ಮಕ್ಕಳಿಗೆ, ಅಂದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಎರಡು ವರ್ಷದೊಳಗಿನ ಮಗುವಿನಲ್ಲಿ ನೋಡಬೇಕಾದ ಆರು ಸಂಗತಿಗಳನ್ನು ಆ ಅಧ್ಯಯನ ಗುರುತಿಸಿತು: ಎಚ್ಚರದಲ್ಲಿ ಏರುಪೇರು, ಹಣೆ ಬಿಟ್ಟು ತಲೆಯ ಬೇರೆ ಕಡೆ ಬಾವು, ಐದು ಸೆಕೆಂಡ್ ಇಲ್ಲವೇ ಹೆಚ್ಚು ಹೊತ್ತು ಪ್ರಜ್ಞೆ ತಪ್ಪಿದ್ದು, ಮೂರು ಅಡಿಗಿಂತ ಎತ್ತರದಿಂದ ಬಿದ್ದಂಥ ಜೋರು ಪೆಟ್ಟು, ಕೈಗೆ ಸಿಗುವ ಬುರುಡೆಯ ಬಿರುಕು. ಆರನೆಯದು, ಮಗು ಎಂದಿನಂತಿಲ್ಲ ಅಂತ ಹೆತ್ತವರು ಹೇಳೋದು. ಇವು ಒಂದೂ ಇಲ್ಲದಿದ್ದರೆ ಸ್ಕ್ಯಾನ್ ಇಲ್ಲದೆ ಬಿಡಬಹುದು. ಸಂಶಯದ ಕೆಲವು ಸಂದರ್ಭಗಳಲ್ಲಿ ಕೆಲವು ತಾಸು ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡುವ ದಾರಿಯೂ ಇದೆ.

ಆರನೆಯದನ್ನು ಯಾವ ಯಂತ್ರವೂ ಹೇಳಲಾರದು, ತಾಯಿಯೇ ಹೇಳಬೇಕು. "ಬಿದ್ದ ಕೂಡಲೇ ಅತ್ತ, ಆಮೇಲೆ ಹಾಲು ಕುಡಿದ, ಆಡ್ತಿದ್ದಾನೆ" ಅನ್ನೋದು ಆ ಪಟ್ಟಿಯ ಪ್ರಕಾರ ವೈದ್ಯಕೀಯ ಮಾಹಿತಿ. "ಯಾಕೋ ಮಂಕಾಗಿದ್ದಾನೆ, ನನ್ನ ಮುಖ ನೋಡ್ತಿಲ್ಲ" ಅನ್ನೋದೂ ಹಾಗೇ. ಈ ಮಾತು ಕನ್ನಡದಲ್ಲೇ ಉಳಿದು ಡಾಕ್ಟರ ಕಿವಿಗೆ ತಲುಪದೇ ಹೋದರೆ ಎರಡು ಕಡೆಯಿಂದಲೂ ನಷ್ಟ: ಬೇಡದ ಸ್ಕ್ಯಾನ್ ಆಗಬಹುದು, ಬೇಕಾದದ್ದು ತಪ್ಪಬಹುದು.

ಇಸ್ಲಾಮೀ ಫಿಕ್ಹ್‌ನಲ್ಲಿ ಹಳೇ ಸೂತ್ರವೊಂದಿದೆ. ಉಸ್ಮಾನೀ ತುರ್ಕರ ಕಾಲದ ‘ಮಜಲ್ಲಾ’ ಕಾನೂನು ಸಂಹಿತೆಯಲ್ಲೂ ಅದು ಸೇರಿದೆ. ಜರೂರತ್ತಿಗೆ ಸಡಿಲಿಕೆ ಉಂಟು, ಆದರೆ ಜರೂರತ್ತು ಇದ್ದಷ್ಟೇ ಅನ್ನೋದು ಅದರ ತಾತ್ಪರ್ಯ. ವಿಕಿರಣ ತಜ್ಞರು ಇವತ್ತು ಪಾಲಿಸುವ ನಿಯಮವೂ ಇದಕ್ಕೆ ಹತ್ತಿರದ್ದೇ. ನಮ್ಮ ದೇಶದಲ್ಲಿ ಇದರ ಉಸ್ತುವಾರಿಗೆ 1983ರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇದೆ, ಸಿ.ಟಿ. ಯಂತ್ರ ನಡೆಸಲು ಅದರ ಪರವಾನಗಿ ಬೇಕು.

ಹೆತ್ತವರ ಕೈಯಲ್ಲಿರುವ ಕೆಲಸ ಇಷ್ಟು. ಪೆಟ್ಟಾದ ಮಗುವನ್ನು ತಡಮಾಡದೆ ಡಾಕ್ಟರ ಬಳಿ ಒಯ್ಯೋದು. ಮಗು ಹೇಗಿದೆ ಅಂತ ಬಾಯಿಬಿಟ್ಟು ಹೇಳೋದು. "ಸ್ಕ್ಯಾನ್ ಬೇಕೇ ಬೇಕಾ, ಕಾದು ನೋಡಬಹುದಾ, ಮಗುವಿನ ಅಳತೆಯಲ್ಲೇ ಮಾಡ್ತೀರಾ" ಅಂತ ಮರ್ಯಾದೆಯಿಂದ ಕೇಳೋದು. ತಳೇಗಾಂವದಿಂದ ಪುಣೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಮೊದಲ ಸ್ಕ್ಯಾನಿನ ಫಿಲ್ಮ್, ಸಿ.ಡಿ. ಜೊತೆಗೇ ಒಯ್ಯೋದು, ಅದು ಕೈಯಲ್ಲಿದ್ದರೆ ಅದನ್ನೇ ಮತ್ತೊಮ್ಮೆ ಮಾಡುವ ಪ್ರಮೇಯ ಕಡಿಮೆ. ಮರಾಠಿ, ಹಿಂದಿ ಬರುವ ನಮ್ಮವರು ಯಾರಾದರೂ ಅಲ್ಲಿದ್ದರೆ ಆ ತಾಯಿಯ ಪಕ್ಕದಲ್ಲಿ ಅರ್ಧ ಗಂಟೆ ನಿಂತು ಅವಳ ಮಾತನ್ನು ಡಾಕ್ಟರಿಗೆ ದಾಟಿಸಲಿ.