ಗಾಡ್ಜಿಲ್ಲಾ: ರಬ್ಬರ್ ತೊಗಲಿನೊಳಗಿನ ಅಣುಭಯ

1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬೊಂದನ್ನು ಸಿಡಿಸಿತು. ಅದರ ಶಕ್ತಿ ವಿಜ್ಞಾನಿಗಳ ಲೆಕ್ಕಾಚಾರವನ್ನು ಮೀರಿ 15 ಮೆಗಾಟನ್ ಮುಟ್ಟಿತು. ನಿಷೇಧಿತ ವಲಯದ ಹೊರಗೆ ಮೀನು ಹಿಡಿಯುತ್ತಿದ್ದ 'ಅದೃಷ್ಟದ ಡ್ರ್ಯಾಗನ್' ಎಂಬ ಹೆಸರಿನ ಜಪಾನಿ ದೋಣಿಯ ಮೇಲೆ ಬಿಳಿಯ ಬೂದಿ ಉದುರಿತು. ಅದರಲ್ಲಿದ್ದ 23 ಮಂದಿಯೂ ವಿಕಿರಣದ ಕಾಯಿಲೆಗೆ ತುತ್ತಾದರು. ಸೆಪ್ಟೆಂಬರ್‌ನಲ್ಲಿ ಅವರಲ್ಲೊಬ್ಬರು ತೀರಿಕೊಂಡರು. ಅದೇ ಹೊತ್ತಿಗೆ ಟೋಕಿಯೊದ ತೋಹೊ ಸಂಸ್ಥೆಯ ಸ್ಟುಡಿಯೊದಲ್ಲಿ ಚಿತ್ರವೊಂದು ತಯಾರಾಗುತ್ತಿತ್ತು. ನವೆಂಬರ್ 3ರಂದು ತೆರೆಕಂಡ ಆ ಚಿತ್ರ 'ಗೋಜಿರಾ'. ಗೊರಿಲ್ಲಾ ಮತ್ತು ತಿಮಿಂಗಿಲಗಳ ಜಪಾನಿ ಹೆಸರುಗಳನ್ನು ಬೆಸೆದು ಕಟ್ಟಿದ ಈ ಶಬ್ದವೇ ಮುಂದೆ ಜಗತ್ತಿನ ಬಾಯಲ್ಲಿ 'ಗಾಡ್ಜಿಲ್ಲಾ' ಆಯಿತು.

ಕಥೆಯ ಮೊದಲ ದೃಶ್ಯದಲ್ಲೇ ಶಾಂತ ಸಮುದ್ರದ ಮೇಲಿನ ಹಡಗೊಂದು ಕಣ್ಣು ಕೋರೈಸುವ ಬೆಳಕಿನಲ್ಲಿ ಸುಟ್ಟು ಮುಳುಗುತ್ತದೆ. ಅಂದಿನ ಜಪಾನಿ ಪ್ರೇಕ್ಷಕನಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿರ್ದೇಶಕ ಇಶಿರೊ ಹೊಂಡಾ ಯುದ್ಧದಲ್ಲಿ ಸೈನಿಕರಾಗಿದ್ದವರು. ಚೀನಾದಿಂದ ಮರಳುವಾಗ ಪಾಳುಬಿದ್ದ ಹಿರೋಶಿಮಾವನ್ನು ಕಣ್ಣಾರೆ ಕಂಡವರು. 1952ರವರೆಗೆ ಜಪಾನ್ ಅಮೆರಿಕದ ಸೇನಾಡಳಿತದಲ್ಲಿದ್ದು, ಬಾಂಬಿನ ಬಗ್ಗೆ ಮುಕ್ತವಾಗಿ ಮಾತನಾಡುವುದು ಕಷ್ಟವಾಗಿತ್ತು. ಆ ಮೌನ ಮುರಿಯಲು ಹೊಂಡಾ ಅವರಿಗೆ ದೈತ್ಯನೊಬ್ಬ ನೆಪವಾದ.

ಆ ದೈತ್ಯನಿಗೆ ಮೈ ಕೊಟ್ಟವರು ಟ್ರಿಕ್ ಛಾಯಾಗ್ರಹಣದ ನಿಪುಣ ಐಜಿ ತ್ಸುಬುರಾಯಾ. 1933ರ 'ಕಿಂಗ್ ಕಾಂಗ್' ಚಿತ್ರದಿಂದ ಸ್ಫೂರ್ತಿ ಪಡೆದಿದ್ದ ಅವರಿಗೆ, ಅದರಂತೆಯೇ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುತ್ತಾ ಒಂದೊಂದೇ ಚೌಕಟ್ಟಾಗಿ ಚಿತ್ರೀಕರಿಸುವ ಆಸೆಯಿತ್ತು. ಆದರೆ ಅಷ್ಟು ಕಾಲಾವಕಾಶ ಇರಲಿಲ್ಲ. ಹಾಗಾಗಿ ಮನುಷ್ಯನಿಗೇ ಪ್ರಾಣಿಯ ವೇಷ ತೊಡಿಸುವುದೆಂದು ತೀರ್ಮಾನವಾಯಿತು. ಮೊದಲು ತಯಾರಿಸಿದ ವೇಷ ಎಷ್ಟು ಭಾರವೂ ಬಿರುಸೂ ಆಗಿತ್ತೆಂದರೆ, ಅದನ್ನು ತೊಟ್ಟು ನಡೆಯುವುದೇ ಅಸಾಧ್ಯವಾಯಿತು. ಕೊನೆಗೆ ಅದನ್ನು ಎರಡಾಗಿ ಕತ್ತರಿಸಿ, ಕಾಲಿನ ಭಾಗವನ್ನು ಹೆಜ್ಜೆಗಳ ದೃಶ್ಯಕ್ಕಷ್ಟೇ ಬಳಸಲಾಯಿತು. ಎರಡನೆಯ ವೇಷದೊಳಗೆ ಹೊಕ್ಕವರು ನಟ ಹಾರುವೊ ನಕಾಜಿಮಾ. ಭಾರದ ಪ್ರಾಣಿಗಳ ನಡಿಗೆ ಅರಿಯಲು ಅವರು ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನು ಗಮನಿಸಿದರು. ದೀಪಗಳ ಝಳದಲ್ಲಿ, ರಬ್ಬರಿನ ಒಳಗೆ, ಅವರು ಒಮ್ಮೆಗೆ ಕೆಲವು ನಿಮಿಷ ಮಾತ್ರ ನಿಲ್ಲಬಲ್ಲವರಾಗಿದ್ದರು.

ಗೋಜಿರಾನ ಎತ್ತರ 50 ಮೀಟರ್ ಎಂದು ನಿಗದಿಯಾಗಿತ್ತು. ಆಗ ಟೋಕಿಯೊದ ಸಾಮಾನ್ಯ ಕಟ್ಟಡಗಳು ಕಾನೂನಿನಂತೆ 31 ಮೀಟರ್ ಮೀರುವಂತಿರಲಿಲ್ಲ. ಮನುಷ್ಯನೊಬ್ಬ 50 ಮೀಟರ್ ಎತ್ತರದವನಾಗಿ ಕಾಣಬೇಕಾದರೆ ಊರನ್ನು 25ರಲ್ಲಿ ಒಂದು ಪಾಲಿಗೆ ಕುಗ್ಗಿಸಬೇಕು. ಅದರಂತೆ ಗಿಂಜಾ ಪೇಟೆಯ ಗಡಿಯಾರದ ಗೋಪುರ ಮೊದಲಾದ ಪರಿಚಿತ ಕಟ್ಟಡಗಳು ಪುಟ್ಟ ಮಾದರಿಗಳಾಗಿ ಎದ್ದು ನಿಂತವು. ದೈತ್ಯನ ಉಸಿರಿಗೆ ಕರಗುವ ವಿದ್ಯುತ್ ಗೋಪುರಗಳನ್ನು ಮೇಣದಿಂದ ಮಾಡಲಾಗಿತ್ತು.

ಆದರೆ ಮಾದರಿ ಎಷ್ಟೇ ನಿಖರವಾಗಿದ್ದರೂ, ಅದು ಬೀಳುವ ವೇಗ ಗುಟ್ಟನ್ನು ಬಿಟ್ಟುಕೊಡುತ್ತದೆ. 50 ಮೀಟರ್ ಎತ್ತರದಿಂದ ಬಿದ್ದ ಕಲ್ಲು ನೆಲ ಮುಟ್ಟಲು ಸುಮಾರು 3.2 ಸೆಕೆಂಡು ಬೇಕು. ಎರಡು ಮೀಟರಿನಿಂದ ಬಿದ್ದರೆ 0.64 ಸೆಕೆಂಡು ಸಾಕು. ಅಂದರೆ ಐದು ಪಟ್ಟು ಅಂತರ. ಇದಕ್ಕೆ ಪರಿಹಾರವೆಂದರೆ ಕ್ಯಾಮೆರಾವನ್ನು ಹೆಚ್ಚು ವೇಗವಾಗಿ ಓಡಿಸಿ, ತೆರೆಯ ಮೇಲೆ ಮಾಮೂಲಿ ವೇಗದಲ್ಲಿ ತೋರಿಸುವುದು. ಆಗ ಗಾರೆಯ ಚೂರು ಬಂಡೆಯಂತೆ ನಿಧಾನವಾಗಿ ಉರುಳುತ್ತದೆ, ನಟನ ಹೆಜ್ಜೆಗೆ ಸಾವಿರಾರು ಟನ್ನುಗಳ ತೂಕ ಬರುತ್ತದೆ. ಗರ್ಜನೆಯನ್ನು ಒದಗಿಸಿದವರು ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ. ದೊಡ್ಡ ತಂತಿವಾದ್ಯವಾದ ಡಬಲ್ ಬಾಸ್‌ನ ತಂತಿಗಳನ್ನು ಸಡಿಲಿಸಿ, ಅಂಟು ಬಳಿದ ತೊಗಲಿನ ಕೈಗವಸಿನಿಂದ ಉಜ್ಜಿ ತೆಗೆದ ನಾದವದು.

ಇಷ್ಟೆಲ್ಲ ಕೈಚಳಕ ಬರೀ ಬೆರಗಿಗಾಗಿ ಇದ್ದಿದ್ದರೆ ಚಿತ್ರ ಇಂದಿಗೆ ಮರೆತುಹೋಗುತ್ತಿತ್ತೋ ಏನೋ. ಹೊಂಡಾ ಅವರ ಕ್ಯಾಮೆರಾ ಉರಿದ ಕಟ್ಟಡಗಳ ಬಳಿ ನಿಲ್ಲದೆ ಮಾರನೆಯ ಬೆಳಗಿನ ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿ ಮಗುವೊಂದರ ಮೈಯತ್ತ ವಿಕಿರಣ ಅಳೆಯುವ ಉಪಕರಣ ಹಿಡಿದಾಗ ಅದು ಟಕಟಕನೆ ಸದ್ದು ಮಾಡುತ್ತದೆ. ಆ ದೃಶ್ಯದಲ್ಲಿ ದೈತ್ಯನೇ ಇಲ್ಲ, ಭಯ ಮಾತ್ರ ಇದೆ.

ಕಥೆಯ ನಿಜವಾದ ತೊಳಲಾಟ ಇರುವುದು ಸೆರಿಜಾವಾ ಎಂಬ ವಿಜ್ಞಾನಿಯಲ್ಲಿ. ನೀರಿನೊಳಗಿನ ಆಮ್ಲಜನಕವನ್ನು ನಾಶಮಾಡಿ ಜೀವಿಗಳನ್ನು ಕೊಲ್ಲುವ ವಿಧಾನ ಆತನಿಗೆ ಗೊತ್ತು. ಅದನ್ನು ಬಳಸಿದರೆ ಗೋಜಿರಾ ಸಾಯುತ್ತದೆ. ಆದರೆ ಒಮ್ಮೆ ಜಗತ್ತಿನ ಕಣ್ಣಿಗೆ ಬಿದ್ದರೆ ಅದು ಅಣುಬಾಂಬಿನ ಸಾಲಿಗೆ ಸೇರುವ ಮತ್ತೊಂದು ಅಸ್ತ್ರವಾಗುತ್ತದೆ. ಕೊನೆಗೆ ಆತ ತನ್ನ ಬರಹಗಳನ್ನು ಸುಟ್ಟು, ಸಮುದ್ರಕ್ಕಿಳಿದು, ಮೃಗದೊಡನೆ ತಾನೂ ಸಾಯುತ್ತಾನೆ. ತಲೆಯಲ್ಲಿ ಉಳಿದ ಸೂತ್ರವನ್ನು ಅಳಿಸಲು ಆತನಿಗೆ ಬೇರೆ ದಾರಿ ಕಾಣಲಿಲ್ಲ.

ತ್ಸುಬುರಾಯಾ ಅವರ ಬಾಳೂ ಈ ಪ್ರಶ್ನೆಯಿಂದ ದೂರವಿರಲಿಲ್ಲ. 1942ರಲ್ಲಿ ಪರ್ಲ್ ಹಾರ್ಬರ್ ದಾಳಿಯನ್ನು ವೈಭವೀಕರಿಸಿದ ಪ್ರಚಾರ ಚಿತ್ರಕ್ಕೆ ಪುಟ್ಟ ಹಡಗುಗಳನ್ನು ಕಟ್ಟಿ ಮುಳುಗಿಸಿದ್ದವರು ಅವರೇ. ಅದೇ ಕೌಶಲ 12 ವರ್ಷಗಳ ನಂತರ ಯುದ್ಧದ ವಿರುದ್ಧ ದುಡಿಯಿತು.

1956ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲಿ ರೇಮಂಡ್ ಬರ್ ಎಂಬ ನಟನ ದೃಶ್ಯಗಳು ಸೇರಿದವು. ಬಾಂಬಿನ ನೇರ ಪ್ರಸ್ತಾಪಗಳು ಬಹುಪಾಲು ಕತ್ತರಿಗೆ ಸಿಕ್ಕವು. ದೈತ್ಯ ಉಳಿದ, ದುಃಖ ತೆಳುವಾಯಿತು. ಮುಂದೆ ಗಾಡ್ಜಿಲ್ಲಾ ಮಕ್ಕಳ ಗೆಳೆಯನೂ ಆದ, ಆಟಿಕೆಯೂ ಆದ. 2023ರ 'ಗಾಡ್ಜಿಲ್ಲಾ ಮೈನಸ್ ಒನ್' ಚಿತ್ರವು ಮತ್ತೆ ಯುದ್ಧದಿಂದ ಜರ್ಝರಿತವಾದ ಜಪಾನಿಗೆ ಮರಳಿ, 2024ರಲ್ಲಿ ವಿಶೇಷ ದೃಶ್ಯಪರಿಣಾಮಗಳಿಗಾಗಿ ಆಸ್ಕರ್ ಪಡೆಯಿತು.

ಮೊದಲ ಚಿತ್ರದ ಕೊನೆಯಲ್ಲಿ ಯಾರೂ ಗೆಲುವನ್ನು ಸಂಭ್ರಮಿಸುವುದಿಲ್ಲ. ಅಣುಪರೀಕ್ಷೆಗಳು ಹೀಗೇ ನಡೆದರೆ ಇನ್ನೊಂದು ಗೋಜಿರಾ ಎಲ್ಲಾದರೂ ತಲೆಯೆತ್ತೀತು ಎಂದು ವೃದ್ಧ ವಿಜ್ಞಾನಿ ಯಮಾನೆ ತನಗೆ ತಾನೇ ಹೇಳಿಕೊಳ್ಳುತ್ತಾನೆ. ರಬ್ಬರಿನ ವೇಷ ಹಳತಾಗಿದೆ. ಆ ಮಾತು ಹಳತಾಗಿಲ್ಲ.