ಹಳೆಯ ಕಹಳೆಯೋ, ಹೊಸ ತುತ್ತೂರಿಯೋ?

ಜಾತ್ರೆಯ ಲೆಕ್ಕ ಮುಗಿದು ನಾಲ್ಕು ಕಾಸು ಉಳಿಯಿತೆನ್ನಿ. ಊರಿನ ಹಿರಿಯರೂ ಹುಡುಗರೂ ಗುಡಿಯ ಕಟ್ಟೆಯ ಮೇಲೆ ಕೂಡುತ್ತಾರೆ. ಬ್ಯಾಂಡಿಗೆ ಒಂದು ಟ್ರಂಪೆಟ್ ಬೇಕೆಂದು ಹುಡುಗರ ಬೇಡಿಕೆ. ಮೂಲೆಯಲ್ಲಿ ಗುಡಿಯ ಹಳೆಯ ಹಿತ್ತಾಳೆಯ ಕಹಳೆ ಬಿದ್ದಿದೆ. ಬೆಸುಗೆ ಬಿಟ್ಟಿದೆ, ಊದುವವರೂ ಕಡಿಮೆ. ಆಗ ಯಾರೋ ಒಬ್ಬರು, “ಹಳೇದನ್ನ ತೂಕಕ್ಕ ಹಾಕಿ ಹೊಸಾದು ತರೂಣ್ರಿ” ಎನ್ನುತ್ತಾರೆ. ಮಾತು ಸರಳವಾಗಿ ಕಾಣುತ್ತದೆ. ಆದರೆ ಓದುಗರೆ, ತಕ್ಕಡಿಗೆ ಹಾಕುವ ಮುನ್ನ ಸ್ವಲ್ಪ ನಿಲ್ಲಿರಿ. ಇವೆರಡೂ ಒಂದೇ ಕೆಲಸ ಮಾಡುವ ವಾದ್ಯಗಳಲ್ಲ. ಹೊಸದನ್ನು ಕೊಳ್ಳುವುದು ಒಂದು ತೀರ್ಮಾನ; ಹಳೆಯದನ್ನು ಕರಗಿಸುವುದು ಬೇರೆಯೇ ತೀರ್ಮಾನ. ಮೊದಲನೆಯದನ್ನು ಮುಂದೆ ಬದಲಿಸಬಹುದು, ಎರಡನೆಯದನ್ನು ಬದಲಿಸಲಾಗದು.

ದಢೇಸುಗೂರಿನ ದಂಡೆಗೆ ಬರುವ ತುಂಗಭದ್ರೆಯು ಹಂಪೆಯನ್ನು ಹಾದು ಬಂದ ಹೊಳೆ. ಈ ಹೊಳೆಗೂ ಕೃಷ್ಣೆಗೂ ನಡುವೆ ಇರುವ ಸಿಂಧನೂರು, ಮಸ್ಕಿ, ಲಿಂಗಸೂಗೂರು ಸೀಮೆಯೆಲ್ಲ ಹಳೆಯ ಎಡೆದೊರೆ ನಾಡು. ದಂಡುಗಳು ಮತ್ತೆ ಮತ್ತೆ ತುಳಿದ ನೆಲವಿದು. ಇಲ್ಲಿ ಕಹಳೆಯ ಕೂಗು ಮದುವೆಯ ಸಡಗರಕ್ಕಷ್ಟೇ ಮೀಸಲಾಗಿರಲಿಲ್ಲ. ಅದು ಅಧಿಕಾರದ ಗುರುತೂ ಆಗಿತ್ತು.

ಕನ್ನಡ ನಾಡಿನ ಶಾಸನಗಳಲ್ಲಿ ಮಾಂಡಲಿಕರ ಬಿರುದುಗಳನ್ನು ಓದಿದವರಿಗೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ಮಾತು ಹೊಸದಲ್ಲ. ಐದು ಮಹಾವಾದ್ಯಗಳ ಘೋಷವನ್ನು ಪಡೆಯುವ ಮರ್ಯಾದೆ ಇವರಿಗೆ ಸಂದಿದೆ ಎಂಬುದು ಅದರ ಅಭಿಪ್ರಾಯ. ಆ ಐದು ಯಾವುವು? ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯು ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಹೆಸರಿಸುತ್ತದೆ. ಶೃಂಗವೆಂದರೆ ಕೊಂಬು. ಮೊದಲು ಪ್ರಾಣಿಯ ಕೊಂಬೇ ಆಗಿದ್ದುದು ಮುಂದೆ ಲೋಹದಲ್ಲಿ ಮೂಡಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ವಾದ್ಯವನ್ನು ಇಟ್ಟುಕೊಳ್ಳುವುದಕ್ಕೂ ಅರ್ಹತೆ ಬೇಕಾಗಿದ್ದ ಕಾಲವದು.

ವಿಜಯನಗರದ ಕಾಲಕ್ಕೆ ಬಂದರೆ ಪರದೇಶದವರ ಸಾಕ್ಷಿಯೂ ದೊರೆಯುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ವೈಭವವನ್ನು ಬಣ್ಣಿಸುವಾಗ ನಗಾರಿಗಳೊಡನೆ ಕಹಳೆಗಳನ್ನೂ ಮರೆತಿಲ್ಲ. ೧೫೨೦ರ ರಾಯಚೂರಿನ ಯುದ್ಧವನ್ನು ಬರೆದಿಟ್ಟ ನ್ಯೂನಿಜ್, ಅಂದು ಬೆಳಗು ಹರಿಯುತ್ತಲೇ ರಾಯನ ಪಾಳೆಯದಲ್ಲಿ ನಗಾರಿಗಳೂ ಕಹಳೆಗಳೂ ಮೊಳಗಿದುದನ್ನು ಹೇಳುತ್ತಾನೆ. ಸಾವಿರಾರು ಜನರ ಗದ್ದಲದ ಮೇಲೆ ಕೇಳಿಸಬೇಕು, ಒಂದೇ ಉಸಿರಿನಲ್ಲಿ ಆಜ್ಞೆ ಮುಟ್ಟಬೇಕು. ಅದೇ ಆ ವಾದ್ಯದ ಕೆಲಸ.

ಅದರ ರಚನೆಯೂ ಆ ಕೆಲಸಕ್ಕೆ ತಕ್ಕಂತೆಯೇ ಇದೆ. ಹಿತ್ತಾಳೆ ಅಥವಾ ತಾಮ್ರದ ತಗಡನ್ನು ಬಡಿದು, ಸುತ್ತಿ, ಬೆಸೆದು, ಬಾಯಿಯ ಕಡೆಗೆ ಅಗಲವಾಗುತ್ತ ಹೋಗುವ ಕೊಳವೆ ಮಾಡುತ್ತಾರೆ. ರಂಧ್ರಗಳಿಲ್ಲ, ಗುಂಡಿಗಳಿಲ್ಲ. ಊದುವವನ ತುಟಿಗಳ ಕಂಪನವೇ ನಾದಕ್ಕೆ ಮೂಲ. ಒಂದು ಉದ್ದದ ಕೊಳವೆಯಿಂದ ಆ ಉದ್ದಕ್ಕೆ ಸಹಜವಾದ ಕೆಲವು ಸ್ವರಗಳು ಮಾತ್ರ ಹೊರಡುತ್ತವೆ. ತುಟಿಯ ಬಿಗಿ ಹೆಚ್ಚಿದಂತೆ ಷಡ್ಜ, ಪಂಚಮ, ಮೇಲಿನ ಷಡ್ಜ, ಅದರ ಮೇಲೆ ಗಾಂಧಾರ, ಹೀಗೆ ಮೆಟ್ಟಿಲು ಹಾರಿ ಹಾರಿ ನಾದ ಏರುತ್ತದೆ. ನಡುವೆ ಬರಬೇಕಾದ ರಿಷಭ, ಮಧ್ಯಮಗಳು ಆ ಎಡೆಯಲ್ಲಿ ಸಿಕ್ಕುವುದಿಲ್ಲ. ಆದುದರಿಂದ ಕಹಳೆಯಲ್ಲಿ ಕೀರ್ತನೆ ಬಾರದು, ಸಿನಿಮಾ ಹಾಡೂ ಬಾರದು. ಇದು ಕೊರತೆಯೆಂದು ಎಣಿಸಬೇಡಿ. ಬಾಗಿಲ ಗಂಟೆಯಲ್ಲಿ ಭಜನೆ ನುಡಿಯುವುದಿಲ್ಲವೆಂದು ಯಾರೂ ದೂರುವುದಿಲ್ಲವಷ್ಟೆ.

ಯುರೋಪಿನ ತುತ್ತೂರಿಗೂ ಬಹುಕಾಲ ಇದೇ ಕಟ್ಟು ಇತ್ತು. ೧೮೧೪ರ ಸುಮಾರಿಗೆ ಜರ್ಮನ್ ವಾದಕ ಸ್ಟೋಲ್ಜೆಲ್ ಒಂದು ಉಪಾಯ ಹೂಡಿದನು. ೧೮೧೮ರಲ್ಲಿ ಅವನಿಗೂ ಬ್ಲೂಮೆಲ್ ಎಂಬವನಿಗೂ ಸೇರಿ ಪೇಟೆಂಟು ದೊರೆಯಿತು. ಗುಂಡಿ ಒತ್ತಿದರೆ ಗಾಳಿಯ ದಾರಿಗೆ ಇನ್ನೊಂದು ತುಂಡು ಕೊಳವೆ ಸೇರಿಕೊಳ್ಳುತ್ತದೆ. ಒಟ್ಟು ಉದ್ದ ಹೆಚ್ಚಿ ಸ್ವರ ಇಳಿಯುತ್ತದೆ. ಇಂದಿನ ಟ್ರಂಪೆಟ್ಟಿನಲ್ಲಿ ಇಂಥ ವಾಲ್ವುಗಳು ೩. ನಡುವಿನದು ಅರ್ಧ ಸ್ವರ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ ಸ್ವರ ಇಳಿಸುತ್ತದೆ. ಇವನ್ನು ಕೂಡಿಸಿ ಒತ್ತಿದರೆ ಮೆಟ್ಟಿಲುಗಳ ನಡುವಿನ ತೆರಪೆಲ್ಲ ತುಂಬಿಹೋಗುತ್ತದೆ. ಕೂಗುವ ವಾದ್ಯ ಹಾಡುವ ವಾದ್ಯವಾದುದು ಹೀಗೆ.

ಆ ಹಾಡುವ ಹಿತ್ತಾಳೆ ಬ್ರಿಟಿಷರ ದಂಡುಗಳೊಡನೆ ನಮ್ಮ ದೇಶಕ್ಕೆ ಬಂದಿತು. ಸಂಸ್ಥಾನಗಳು ಅದನ್ನು ಬರಮಾಡಿಕೊಂಡವು. ಮೈಸೂರಿನ ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತಕ್ಕೆ ಇಂಗ್ಲಿಷ್ ಬ್ಯಾಂಡೂ ನಮ್ಮ ಸಂಗೀತಕ್ಕೆ ಕರ್ನಾಟಕ ಬ್ಯಾಂಡೂ ಇದ್ದುವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಓಟೋ ಸ್ಮಿತ್ ಅಲ್ಲಿನ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಿದರು. ಹೊಸ ವಾದ್ಯಗಳು ಬಂದುವೆಂದು ಅರಮನೆಯವರು ನಾಗಸ್ವರವನ್ನು ಹೊರಗೆ ಹಾಕಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಆ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಒಬ್ಬ ಕರಾವಳಿಯ ಹುಡುಗನ ಕಥೆ ತಮಗೆ ತಿಳಿದೇ ಇರಬಹುದು. ಅವರು ೧೯೪೯ರಲ್ಲಿ ಹುಟ್ಟಿ ೨೦೧೯ರಲ್ಲಿ ತೀರಿಕೊಂಡ ಕದ್ರಿ ಗೋಪಾಲನಾಥರು. ಸ್ಯಾಕ್ಸೊಫೋನಿನ ಒಡಲು ಹಿತ್ತಾಳೆಯದಾದರೂ ಅದು ನುಡಿಯುವುದು ನಾಗಸ್ವರದಂತೆ ರೀಡಿನಿಂದ. ನಾಗಸ್ವರದ ಮನೆತನದಲ್ಲಿ ಬೆಳೆದ ಗೋಪಾಲನಾಥರು ಹೊಸ ವಾದ್ಯಕ್ಕೆ ನಮ್ಮ ಸಂಗೀತವನ್ನು ಬಗ್ಗಿಸಲಿಲ್ಲ. ಗಮಕಗಳಿಗೆ ಒದಗುವಂತೆ ವಾದ್ಯವನ್ನೇ ಮಾರ್ಪಡಿಸಿಕೊಂಡರು. ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಪ್ರಾಮ್ಸ್ ಉತ್ಸವದಲ್ಲಿ ಅದನ್ನು ನುಡಿಸಿದರು. ಹೊಸದನ್ನು ಆರಿಸುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೆ? ತಮಗೆ ಏನು ನುಡಿಸಬೇಕಾಗಿದೆ ಎಂಬುದನ್ನು ಅವರು ಮೊದಲು ಅರಿತಿದ್ದರು.

ಇನ್ನು ಕೊಳ್ಳುವ ಮಾತು. ಹಾಡು ನುಡಿಸುವ ಬ್ಯಾಂಡಿಗೆ ಟ್ರಂಪೆಟ್ಟೇ ಬೇಕು, ಸರಿ. ಆದರೆ ಹಳೆಯ ವಿಲಾಯಿತಿ ವಾದ್ಯವೋ, ಹೊಸ ಸ್ವದೇಶಿ ವಾದ್ಯವೋ? ಹಳೆಯ ಹೆಸರು ಕೆತ್ತಿದ್ದನ್ನು ನೋಡಿ ಮರುಳಾಗುವವರು ಉಂಟು. ಅಂಥವರು ಮೊದಲು ಶ್ರುತಿಯನ್ನು ಪರೀಕ್ಷಿಸಲಿ. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಸೇನೆಯ ಬ್ಯಾಂಡುಗಳು ಮೂಲಸ್ವರವನ್ನು ಸೆಕೆಂಡಿಗೆ ಸುಮಾರು ೪೫೨ ಕಂಪನಕ್ಕೆ ಹಿಡಿಯುತ್ತಿದ್ದುವು. ೧೯೩೯ರ ಲಂಡನ್ ಸಮ್ಮೇಳನವು ೪೪೦ ಎಂದು ಸೂಚಿಸಿತು. ಇಂದಿನ ವಾದ್ಯಗಳು ಹೆಚ್ಚಾಗಿ ಅದನ್ನೇ ಅನುಸರಿಸುತ್ತವೆ. ಅಂತರ ಅರ್ಧ ಸ್ವರದ ಅರ್ಧದಷ್ಟು. ಕಿವಿಗೆ ಅಷ್ಟೇ ಸಾಕು! ಹಳೆಯ ಎತ್ತರದ ಶ್ರುತಿಯ ತುತ್ತೂರಿಯನ್ನು ಹೊಸ ಕ್ಲಾರಿನೆಟ್ಟಿನ ಪಕ್ಕದಲ್ಲಿ ನಿಲ್ಲಿಸಿದರೆ ಮೆರವಣಿಗೆಯ ಉದ್ದಕ್ಕೂ ಜಗಳವೇ.

ಎರಡನೆಯದು ವಾಲ್ವು. ಗುಂಡಿಯನ್ನು ಒತ್ತದೆ ಅದಕ್ಕೆ ಸೇರಿದ ಪಕ್ಕದ ಕೊಳವೆಯನ್ನು ಮೆಲ್ಲನೆ ಹೊರಕ್ಕೆ ಎಳೆಯಿರಿ. ಕಳಚಿ ಬರುವಾಗ ‘ಟಪ್’ ಎಂದು ಸದ್ದಾದರೆ ಗಾಳಿ ಸೋರುತ್ತಿಲ್ಲವೆಂದು ತಿಳಿಯಬಹುದು. ಒಂದು ವಾದ್ಯದ ವಾಲ್ವನ್ನು ಇನ್ನೊಂದರಲ್ಲಿ ಕೂಡಿಸುವುದು ಕಷ್ಟ. ಪ್ರತಿಯೊಂದನ್ನೂ ಅದರ ಗೂಡಿಗೇ ಉಜ್ಜಿ ಹೊಂದಿಸಿರುತ್ತಾರೆ. ಮೂರನೆಯದು ಲೋಹ. ಹಿತ್ತಾಳೆಯೆಂದರೆ ತಾಮ್ರ, ಸತುಗಳ ಬೆರಕೆ. ಒಳಗಿನ ತೇವದಿಂದ ಸತು ಕರಗಿಹೋದರೆ ಮೇಲೆ ಕೆಂಪು ಚುಕ್ಕೆಗಳು ಮೂಡುತ್ತವೆ. ಹೊಳಪು ಎಷ್ಟಿದ್ದರೂ ಆ ಚುಕ್ಕೆ ಕಂಡಲ್ಲಿ ಹಣ ಬಿಚ್ಚಬೇಡಿ. ಹೊಸದು ಬೇಕಾದರೆ ಮೀರತ್ತಿನ ಜಾಲಿ ಕೋಠಿಯಲ್ಲಿ ತಯಾರಾಗುವ ಬ್ಯಾಂಡ್ ವಾದ್ಯಗಳು ದೇಶದಾದ್ಯಂತ ಹೋಗುತ್ತವೆ. ಕಲಿಯುವ ಹುಡುಗನಿಗೆ ಅದು ಸಾಕು; ಬಿಡಿಭಾಗವೂ ಸಿಗುತ್ತದೆ.

ಗುಡಿಯ ಕಹಳೆಗೆ ಈ ಪರೀಕ್ಷೆಗಳನ್ನು ಒಡ್ಡಬೇಡಿ. ಅದಕ್ಕೆ ಬೇಕಾದುದು ಜೋಪಾನ. ಅದನ್ನು ದನದ ಕೊಟ್ಟಿಗೆಯ ಬಳಿ ಇಡಬಾರದು. ಇದು ಬರಿಯ ಮಡಿಯ ಮಾತಲ್ಲ. ಬ್ರಿಟಿಷರ ಕಾಲದಲ್ಲಿ ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿ ಇಟ್ಟ ಹಿತ್ತಾಳೆಯ ತೋಟಾಗಳು ತಾವಾಗಿಯೇ ಬಿರಿಯುತ್ತಿದ್ದುವು. ಗಂಜಲದಿಂದ ಏಳುವ ಅಮೋನಿಯಾ ಅನಿಲವು ಬಡಿದು ಬಿಗಿಯಾದ ಹಿತ್ತಾಳೆಯನ್ನು ಸೀಳುತ್ತದೆಂದು ೧೯೨೧ರಲ್ಲಿ ಲೋಹವಿಜ್ಞಾನಿಗಳು ವಿವರಿಸಿದರು. ಕಹಳೆಯೂ ಬಡಿದ ಹಿತ್ತಾಳೆಯೇ ಅಲ್ಲವೆ? ಒಣಗಿದ ಜಾಗದಲ್ಲಿ ಬಟ್ಟೆ ಸುತ್ತಿ ಇಡಿ. ಬೆಸುಗೆ ಬಿಟ್ಟಿದ್ದರೆ ಕಂಚುಗಾರರಿಂದ ಹಾಕಿಸಿ. ಹೊಸ ವಾದ್ಯದ ಬೆಲೆಯ ಮುಂದೆ ಆ ಖರ್ಚು ಅಲ್ಪ.

ಬೆಸುಗೆಗಿಂತ ಹೆಚ್ಚಿನ ಕೆಲಸ ಇನ್ನೊಂದಿದೆ. ಊದಲು ಬಲ್ಲ ಹಿರಿಯರು ಊರಿನಲ್ಲಿ ಒಬ್ಬರಿದ್ದರೂ ಅವರ ಪಕ್ಕದಲ್ಲಿ ಟ್ರಂಪೆಟ್ ಕಲಿಯುವ ಹುಡುಗನನ್ನೇ ಕೂರಿಸಿರಿ. ತುಟಿಯ ಪಾಠ ಎರಡಕ್ಕೂ ಒಂದೇ. ತೇರು ಎಳೆಯುವ ಹೊತ್ತಿಗೆ ಕಹಳೆ ಕೂಗಲಿ, ತೇರಿನ ಹಿಂದೆ ತುತ್ತೂರಿ ಹಾಡಲಿ. ತಕ್ಕಡಿಗೆ ಗೊತ್ತಾಗುವುದು ಹಿತ್ತಾಳೆಯ ತೂಕ ಮಾತ್ರ. ಊರನ್ನು ಒಟ್ಟಿಗೆ ಕರೆಯುವ ಧ್ವನಿಗೆ ಬೆಲೆ ಕಟ್ಟಬೇಕಾದವರು ತಾವೇ.