ಹಂಪ್ ಹಾಕಿದರೆ ಮುಗಿಯಿತೇ?

ಬಡಾವಣೆಯ ಅಡ್ಡರಸ್ತೆಯಲ್ಲಿ ಅಪಘಾತವಾದರೆ ಮಾರನೆಯ ದಿನವೇ ಬೇಡಿಕೆ: ‘ಇಲ್ಲೊಂದು ಹಂಪ್ ಹಾಕಿಸಿ.’ ಸ್ವಲ್ಪ ದಿನದಲ್ಲಿ ಟಾರಿನ ದಿಬ್ಬ ಎದ್ದೂ ಬಿಡುತ್ತದೆ. ವಾಹನದ ವೇಗ ತಗ್ಗಿಸುವ ವಿದ್ಯೆ ಇಷ್ಟೇ ಎಂದು ಎಂಜಿನಿಯರುಗಳೂ ನಂಬಿರುವುದು ಬೇಸರದ ಸಂಗತಿ.

ಆ ವಿದ್ಯೆಗೆ ಹಳೆಯ ಚರಿತ್ರೆಯೇ ಇದೆ. 1963ರಲ್ಲಿ ಬ್ರಿಟನ್ನಿನ ಬುಕಾನನ್ ವರದಿ, ಮನೆಗಳ ನಡುವಿನ ಬೀದಿ ಎಷ್ಟು ವಾಹನಗಳನ್ನು ತಾಳೀತು ಎಂದು ಕೇಳಿತು. ಅದೇ ದಶಕದ ಕೊನೆಗೆ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಬೀದಿಯನ್ನೇ ಅಂಕುಡೊಂಕಾಗಿಸಿ, ನಡುವೆ ಗಿಡ ನೆಟ್ಟು, ಕಾರು ನಡಿಗೆಯ ವೇಗಕ್ಕೆ ಇಳಿಯುವಂತೆ ಮಾಡಿದರು. 1976ರಲ್ಲಿ ಅಂಥ ಬೀದಿಗಳಿಗೆ ಕಾನೂನಿನ ಮಾನ್ಯತೆ ಸಿಕ್ಕಿತು. 1983ರಲ್ಲಿ ಜರ್ಮನಿಯ ಬುಕ್ಸ್ಟೆಹೂಡೆ ಊರು ಗಂಟೆಗೆ 30 ಕಿ.ಮೀ. ಮಿತಿಯ ವಲಯವನ್ನು ಪ್ರಯೋಗಿಸಿತು.

ಹಂಪಿಗೂ ಒಂದು ಲೆಕ್ಕವಿದೆ. 1973ರಲ್ಲಿ ಬ್ರಿಟನ್ನಿನ ಸಂಶೋಧಕ ವಾಟ್ಸ್ ಪರೀಕ್ಷಿಸಿ ತೋರಿಸಿದ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ನಮ್ಮಲ್ಲಿ ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಇದೇ ಅಳತೆಯನ್ನು ಸಣ್ಣ ರಸ್ತೆಗಳಿಗೆ ಸೂಚಿಸಿತು. ದಾಟುವ ವೇಗ ಗಂಟೆಗೆ 25 ಕಿ.ಮೀ. ನಿಧಾನವಾಗಿ ಬಂದವನಿಗೆ ತೂಗಿದಂತೆ, ಜೋರಾಗಿ ಬಂದವನಿಗೆ ಏಟು. ನಮ್ಮ ಬೀದಿಗಳ ಕಡಿಮೆ ಅಗಲದ ದಿಬ್ಬ ಇದನ್ನು ತಲೆಕೆಳಗು ಮಾಡುತ್ತದೆ. ಜೋರಾಗಿ ಹೋಗುವ ಕಾರಿನ ಸಸ್ಪೆನ್ಷನ್ ಅದನ್ನು ನುಂಗಿಕೊಳ್ಳುತ್ತದೆ, ಆಟೋದಲ್ಲಿ ಕೂತ ಬಸುರಿಯ ಸೊಂಟ ಉಳುಕುತ್ತದೆ. ಬೈಕಿನವನಂತೂ ಚರಂಡಿ ಪಕ್ಕದ ಸಂದಿಯಲ್ಲಿ ನುಸುಳುತ್ತಾನೆ. ಅಲ್ಲೇ ಜನ ನಡೆಯುವುದು.

ನಮ್ಮ ತಲೆಮಾರಿನ ಕಣ್ಣು ತೆರೆಸಿದವರು ದೆಹಲಿ ಐಐಟಿಯ ರಸ್ತೆ ಸುರಕ್ಷತಾ ತಜ್ಞರಾದ ದಿನೇಶ್ ಮೋಹನ್ ಮತ್ತು ಗೀತಂ ತಿವಾರಿ. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಸಾವೇ ಶಿಕ್ಷೆಯಾಗದಂತೆ ರಸ್ತೆ ಕಟ್ಟಬೇಕು ಎಂಬುದು ದಿನೇಶ್ ಮೋಹನ್ ಅವರ ಪಟ್ಟಾಗಿತ್ತು. ‘ಚಾಲಕನ ಅಜಾಗರೂಕತೆ’ ಎಂದು ಬರೆದು ಕಡತ ಮುಚ್ಚುವ ಇಲಾಖೆಗಳಿಗೆ ಅದು ಇಂದಿಗೂ ಒಗ್ಗಿಲ್ಲ. ತಪ್ಪನ್ನು ಸಾವಾಗಿಸುವುದು ವೇಗ: 50 ಕಿ.ಮೀ. ವೇಗದ ಕಾರಿನ ಚಲನಶಕ್ತಿ 30ರ ವೇಗದ್ದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಇದನ್ನು ಒಪ್ಪಿಕೊಂಡವರು ಹೆಲ್ಮೆಟ್ ಅಭಿಯಾನಕ್ಕಷ್ಟೇ ನಿಲ್ಲಲಾರರು.

ಬೆಂಗಳೂರಿನಲ್ಲಿ ರಸ್ತೆಗಳನ್ನು ಹೊಸದಾಗಿ ವಿನ್ಯಾಸ ಮಾಡುವ ಟೆಂಡರ್‌ಶ್ಯೂರ್ ಯೋಜನೆ ಬಂತು. ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆಗಳಲ್ಲಿ ಅಗಲವಾದ ಫುಟ್‌ಪಾತ್ ಆಯಿತು. ಒಳ್ಳೆಯ ಕೆಲಸ, ಆದರೆ ಮಕ್ಕಳು ಸೈಕಲ್ ಕಲಿಯುವ ಕ್ರಾಸುಗಳು ಅದರ ಲೆಕ್ಕದಲ್ಲಿರಲಿಲ್ಲ. ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೇಳಿದ 1.8 ಮೀಟರ್ ಅಡೆತಡೆಯಿಲ್ಲದ ಕಾಲುದಾರಿ ಆ ಕ್ರಾಸುಗಳಲ್ಲಿ ಒಂದೊಂದು ಗೇಟಿನ ಇಳಿಜಾರಿಗೂ ಮುರಿದುಬೀಳುತ್ತದೆ.

ಕ್ರಾಸಿನ ಮೂಲೆಯನ್ನೇ ನೋಡಿ. ಕರ್ಬ್ ಕಲ್ಲು ದೊಡ್ಡ ಬಳುಕಿನಲ್ಲಿ ತಿರುಗಿದ್ದರೆ ಕಾರು ಬ್ರೇಕ್ ಮುಟ್ಟದೆ ಒಳನುಗ್ಗುತ್ತದೆ. ಬಿಗಿಯಾಗಿ ತಿರುಗಿದ್ದರೆ ಗೇರ್ ಇಳಿಸಲೇಬೇಕು, ದಾಟುವವರ ದೂರವೂ ತಗ್ಗುತ್ತದೆ. ಅಡ್ಡರಸ್ತೆಯ ಟೆಂಡರಿನಲ್ಲಿ ಡಾಂಬರಿನ ದಪ್ಪ ಮಿಲಿಮೀಟರಿನಲ್ಲಿ ಇರುತ್ತದೆ. ಮೂಲೆಯ ನಕ್ಷೆ ಇದ್ದ ಕಡತ ನನ್ನ ಕೈಗೆ ಬಂದದ್ದು ಅಪರೂಪ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪಾದಚಾರಿಗಳ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೇ ಕೊಟ್ಟಿದೆ. ಅಂಥ ನಿಯಮದಲ್ಲಿ ಮೂಲೆಯ ತಿರುವಿಗೊಂದು ಮಿತಿ ಬರೆಯಲು ಹೊಸ ಸಂಶೋಧನೆಯೇನೂ ಬೇಕಿಲ್ಲ.